ಹದಿನೇಳನೇ ತಾರೀಖಿನ ತನಕ

ದವಾಖಾನಿ ಹತ್ರ ಮನಿ ಮಾಡಬಾರದಿತ್ತು.
ಯಾರದರ ಹಲ್ಲು ನೋಯಲಿ, ಮೂತ್ರಪಿಂಡ ನೋಯಲಿ,
ಇಂಡಿಯಿಂದ, ಚಡಚಣದಿಂದ, ಬಸ್ಸು ನಿಂದರದ ಹಳ್ಳಿಯಿಂದ
ಸೊಲ್ಲಾಪುರಕ್ಕ ಬಂದವರು
ಮೊದಲ ನಮ್ಮ ಕದಾ ಬಡಿತಾರ, ಆಮ್ಯಾಲ ಡಾಕ್ಟರದು.

ಈ ಸಲ ನಮ್ಮವರ ಸೋದರತ್ತಿ ಭೌರವ್ವ,
ಆಕಿ ಮಗ ಅಮೋಗಿ, ಅವನ ಹೆಂಡತಿ, ಎರಡು ಹುಡುಗರು,
ಅರ್ಧ ಚೀಲ ಜೋಳ,
ಮುಚ್ಚಳ ಸಡಿಲಿದ್ದ ಎಣ್ಣಿ ಡಬ್ಬಿ.
ಎರಡ ದಿನ ಅಂದ್ರು. ಹನ್ನೊಂದಾತು.

ನಾ ಲೆಕ್ಕ ಇಟ್ಟೀನಿ, ಸುಳ್ಳು ಹೇಳೂದಿಲ್ಲ.
ಸಣ್ಣಾವ ಕಪಾಟಿನ ಬಾಗಿಲಕ್ಕ ಜೋತಾಡಿ ಬಿಜಾಗರಿ ಕಿತ್ತ.
ದೊಡ್ಡಾಕಿ ಗ್ವಾಡಿ ಮ್ಯಾಲ ಎಬಿಸಿಡಿ ಬರದ್ಳು, ಎಫ್ ತನಕ,
ಮುಂದಿಂದು ಆಕಿಗೂ ಬರತಿರಲಿಲ್ಲ.
ಅವರವ್ವ ಕನ್ನಡಿಗೆ ಅಂಟಿಸಿದ ಟಿಕಳಿ ಒಂಬತ್ತು.
ಅಮೋಗಿ ಖುರ್ಚಿಯ ಹಿಂದಿನ ಎರಡು ಕಾಲಿನ ಮ್ಯಾಲ ತೂಗಿಕೋತ
ಫೋನಿನ್ಯಾಗ, ‘ಹೂಂ, ಏನಿಲ್ಲ, ಆರಾಮ ಅದಾಳ, ಹೂಂ’
ಅನ್ನೂದ್ರೊಳಗ ಖುರ್ಚಿ ಕಟ್ ಅಂತು.
ಎದ್ದು ಇನ್ನೊಂದು ಖುರ್ಚಿಗೆ ಹೋದ.
ಭೌರವ್ವ ತಲಿ ಆನಿಸಿ ಕೂಡೂ ಜಾಗಾದಾಗ
ಗ್ವಾಡಿಗೆ ಕೊಬ್ಬರಿ ಎಣ್ಣಿ ಚಂದ್ರ ಮೂಡಿದ್ದ,
ದಿನಾ ತುಸು ದೊಡ್ಡಾಂವ ಆಗತಿದ್ದ.

ಇವೆಲ್ಲಾ ಇರಲಿ. ಮೇಜು.
ಸಾಗವಾನಿ. ಮಿಲ್ಲು ಮುಚ್ಚಿದ ವರ್ಷ ಲಿಲಾವಿನ್ಯಾಗ ಹಿಡದು
ಇವರು ಕೈಗಾಡಿ ಮ್ಯಾಲ ನೂಕಿಕೊಂಡು ತಂದದ್ದು.
ನಮ್ಮ ಮಾವ ಇಪ್ಪತ್ತೆರಡು ವರ್ಷ
ಅದರ ಮುಂದ ನಿಂತು ಪಗಾರ ಎಣಿಸಿಕೊಂಡಿದ್ರು.
ಮನಿಗೆ ಬಂದ ದಿನ ಮೊದಲನೇ ಸಲ ಅದರ ಮುಂದ ಕೂತ್ರು,
ಬಶಿಯೊಳಗ ಚಹಾ ಕುಡದ್ರು, ಒಂದು ಹನಿ ಬೀಳಸದ.

ಅದರ ಮ್ಯಾಲ ಆಕಿ ಒಲಿಮ್ಯಾಲಿನ ಬೋಗಾಣಿ ಇಟ್ಟಳು.
ಎತ್ತಿದ್ರ ಪಾಲಿಶಿನ್ಯಾಗ ಬೆಳ್ಳಗ ಒಂದು ಬಳಿ.
ಹತ್ತು ದಿನ ನುಂಗಿದ್ದೆ. ಅವತ್ತು ಬಾಯಿಗೆ ಬಂತು:
‘ಅತ್ತಿ, ಕೆಳಗ ಏನರ ಇಡಬೇಕಿತ್ತು.’
ಆಕಿ ಸೆರಗಿನಿಂದ ಒರಸಿದ್ಳು.
ಒರಸೇ ಒರಸಿದ್ಳು.

ಮರುದಿನ ನಾ ಹಾಲು ತರೂದ್ರೊಳಗ ಚಹಾ ಕುದ್ದಿತ್ತು.
ಬೋಗಾಣಿ ಮೇಜಿನ ನಟ್ಟನಡುವ.
ಕೆಳಗ ದಪ್ಪನ್ನ ಲಕೋಟಿ, ನೀಲಿ ಅಕ್ಷರ,
ಮೂರು ಸಾವಿರದ ಎಂಟನೂರು ಕೊಟ್ಟು ತೆಗಿಸಿದ
ಭೌರವ್ವನ ಹೊಟ್ಟಿಯ ಸ್ಕ್ಯಾನು,
ಮಧ್ಯಾಹ್ನ ಡಾಕ್ಟರಿಗೆ ತೋರಸೂದು.
‘ಇಟ್ಟೀನವ್ವಾ ಕೆಳಗ,’ ಅಂದ್ಳು ಖುಷೀಲೆ,
‘ಈಗ ನಿನ್ನ ಮೇಜಿಗೆ ಏನೂ ಆಗೂದಿಲ್ಲ.’

ಕಸಗೊಂಡೆ. ಫಿಲ್ಮು ಒಂದು ಕಡಿ ಸೊಟ್ಟಾಗಿತ್ತು.
ಖಿಡಕಿಗೆ ಹಿಡದು ನೋಡಿದೆ: ಎಲುಬು, ಮಬ್ಬು,
ನಡುವ ದುಂಡಗ ಒಂದು ಗುರುತು.
ಬೋಗಾಣೀದೋ, ಒಳಗಿಂದೋ
ನನಗ ತಿಳೀಲಿಲ್ಲ.

ಡಾಕ್ಟರಿಗೆ ತಿಳೀತು.
ಹದಿನೇಳಕ್ಕ ಬರ್ರಿ ಅಂದ್ರಂತ,
ಇರೂ ತಯಾರಿಲೆ ಬರ್ರಿ.

ಅವರು ಹೋದ ಮ್ಯಾಲ ಟಿಕಳಿ ಕಿತ್ತೆ, ಎಂಟು.
ಒಂಬತ್ತನೇದು ಉಗುರಿಗೆ ಸಿಗಲಿಲ್ಲ.
ಬಡಿಗ್ಯಾರ ಖಾಜಾಸಾಬ ಬಿಜಾಗರಿಗೆ ನಲವತ್ತು ತಗೊಂಡ,
ಖುರ್ಚಿಗೆ ಇನ್ನೂರು.
ಮೇಜಿನ ಮ್ಯಾಲ ಬೆರಳಾಡಿಸಿ, ‘ಇದನ್ನ ಕೆರದು
ಹೊಸಾ ಪಾಲಿಶ್ ಹಾಕಲೇನ್ರಿ?’ ಅಂದ.
ಹದಿನೇಳು ಕಳೀಲಿ ಅಂದೆ.

ಸಿಟ್ಟು ಇಳದದ ಅಂತ ತಿಳಕೋಬ್ಯಾಡ್ರಿ.
ಆ ಎಣ್ಣಿ ಡಬ್ಬಿ ನನ್ನ ಹೊಸಾ ಚಾದರದ ಮ್ಯಾಲ ಉರುಳಿದ್ದು
ನಾ ಸಾಯೂತನಕ ಮರೆಯೂದಿಲ್ಲ,
ಮೂರು ಸಲ ಒಗದ್ರೂ ವಾಸನಿ ಹೋಗಿಲ್ಲ.

ಪ್ಯಾಟಿಯೊಳಗ ನಾರಿನ ಸಿಂಬಿ ಎರಡು ಕೊಂಡೆ.
ಒಂದು ಮೇಜಿಗೆ.
ಇನ್ನೊಂದು ಭೌರವ್ವನ ಚೀಲಕ್ಕ:
ದವಾಖಾನಿ ಖಾಟಿನ ಬಾಜೂಕ
ಒಂದು ಸ್ಟೂಲು ಇರತದಲ್ಲ.